ಕಡಲೆಕಾಯಿ ಬೇರಿನಲ್ಲಿ ನಮ್ಮ ನೆತ್ತರಿನ ನಂಟು

ಬಿತ್ತಿ ನಲವತ್ತು ದಿನ ಕಳೆದ ಕಡಲೆಕಾಯಿ ಹೊಲಕ್ಕೆ ಹೋಗಿ. ಹಿಂದಿನ ದಿನ ಮಳೆ ಬಿದ್ದು ನೆಲ ಮೆತ್ತಗಾಗಿದ್ದರೆ ಇನ್ನೂ ಒಳ್ಳೆಯದು. ಹಳದಿ ಹೂ ಬಿಟ್ಟ ಒಂದು ಗಿಡದ ಬುಡಕ್ಕೆ ಕೈಹಾಕಿ, ಬೇರು ಹರಿಯದಂತೆ ಮೆಲ್ಲಗೆ ಕಿತ್ತು, ಅಂಟಿದ ಕೆಮ್ಮಣ್ಣನ್ನು ನೀರಿನಲ್ಲಿ ಅದ್ದಿ ಅದ್ದಿ ತೊಳೆಯಿರಿ. ತಾಯಿಬೇರಿನಿಂದ ಕವಲುಬೇರು ಒಡೆಯುವ ಸಂದಿಗಳಲ್ಲಿ ಸಾಸಿವೆ ಗಾತ್ರದ, ಗುಂಡುಗುಂಡಾದ ಗಂಟುಗಳು ಕೂತಿರುವುದು ಕಾಣುತ್ತದೆ. ದಪ್ಪನೆಯದೊಂದನ್ನು ಬಿಡಿಸಿ ಅಂಗೈ ಮೇಲಿಟ್ಟು ಉಗುರಿನಿಂದ ಸೀಳಿ. ಹೊರಗೆ ಮಣ್ಣುಬಣ್ಣದ ಸಿಪ್ಪೆ. ಒಳಗೆ ಕೆಂಪು! ಹೂವಿನ ಕೆಂಪಲ್ಲ, ಹಣ್ಣಿನ ಕೆಂಪಲ್ಲ. ಆಗತಾನೆ ತರಚಿದ ಮೊಣಕಾಲಿನಲ್ಲಿ ಕಾಣುವ ಹಸಿ ಕೆಂಪು.

ಅದು ಹಿಮೋಗ್ಲೋಬಿನ್.

ಹೌದು, ಹಿಮೋಗ್ಲೋಬಿನ್ನೇ. ರಕ್ತಪರೀಕ್ಷೆಯ ಚೀಟಿಯಲ್ಲಿ ಹನ್ನೆರಡೋ ಹದಿಮೂರೋ ಎಂದು ಬರೆದು ಕೊಡುತ್ತಾರಲ್ಲ, ಬಸುರಿಯರಿಗೆ ಕಡಿಮೆಯಾದರೆ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದೇ ಕುಲದ ಪ್ರೊಟೀನ್. ನಡುವೆ ಕಬ್ಬಿಣದ ಒಂದು ಪರಮಾಣು, ಅದರ ಸುತ್ತ ಹೀಮ್ ಎಂಬ ಉಂಗುರ, ಉಂಗುರವನ್ನು ಅಪ್ಪಿಕೊಂಡ ಪ್ರೊಟೀನಿನ ಸುರುಳಿ. ನಿಮ್ಮ ರಕ್ತದ ಹೀಮ್ ಮತ್ತು ಕಡಲೆಕಾಯಿ ಬೇರಿನ ಹೀಮ್ ಎರಡನ್ನೂ ಬೇರ್ಪಡಿಸಿ ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ಯಾವ ರಸಾಯನಶಾಸ್ತ್ರಜ್ಞನೂ ಹೇಳಲಾರ. ಚಳ್ಳಕೆರೆ, ಪಾವಗಡದ ಬಯಲಿನಲ್ಲಿ ಬೆಳೆದು ನಿಂತ ಅಷ್ಟೂ ಶೇಂಗಾ ಗಿಡಗಳು ನೆಲದಡಿಯಲ್ಲಿ ಈ ಕೆಂಪನ್ನು ಹೊತ್ತುಕೊಂಡಿವೆ. ತೊಗರಿ, ಹೆಸರು, ಅಲಸಂದೆ, ಅವರೆ, ಹುರುಳಿ, ಎಲ್ಲವೂ.

ಗಿಡಕ್ಕೆ ಹೃದಯವಿಲ್ಲ, ರಕ್ತನಾಳವಿಲ್ಲ, ಶ್ವಾಸಕೋಶವಿಲ್ಲ. ಹಾಗಿದ್ದರೆ ಹಿಮೋಗ್ಲೋಬಿನ್ ಅಲ್ಲಿಗೆ ಬಂದದ್ದಾದರೂ ಎಲ್ಲಿಂದ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳು ತಲುಪಿದ ಜಾಗವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

1939ರಲ್ಲಿ ಜಪಾನಿನ ಕುಬೊ ಎಂಬ ವಿಜ್ಞಾನಿ ಬೇರುಗಂಟುಗಳ ಕೆಂಪು ಬಣ್ಣವನ್ನು ಬೇರ್ಪಡಿಸಿ, ಇದು ಹೀಮ್ ಹೊತ್ತ ಪ್ರೊಟೀನ್ ಎಂದು ಬರೆದರು. ಜಗತ್ತು ಆಗ ಯುದ್ಧದ ಹೊಸ್ತಿಲಲ್ಲಿತ್ತು. 1945ರಲ್ಲಿ ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಮತ್ತು ವಾಂಗ್ ಅದನ್ನು ಮತ್ತೆ ಪರೀಕ್ಷಿಸಿ ಖಚಿತಪಡಿಸಿದರು. ಕೀಲಿನ್ ಅವರ ಕೈಯಲ್ಲಿದ್ದದ್ದು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ. ಆಮ್ಲಜನಕ ಹಿಡಿದುಕೊಂಡ ಹಿಮೋಗ್ಲೋಬಿನ್ ಮೂಲಕ ಬೆಳಕು ಹಾಯ್ದರೆ ಕಾಮನಬಿಲ್ಲಿನ ಹಸಿರು ಮತ್ತು ಹಳದಿ ಭಾಗದಲ್ಲಿ ಎರಡು ಕಪ್ಪು ಪಟ್ಟಿಗಳು ಮೂಡುತ್ತವೆ, 541 ಮತ್ತು 575 ನ್ಯಾನೊಮೀಟರ್ ಆಸುಪಾಸಿನಲ್ಲಿ. ಆಮ್ಲಜನಕ ಬಿಟ್ಟುಕೊಟ್ಟರೆ ಎರಡೂ ಕೂಡಿ ಒಂದೇ ಅಗಲ ಪಟ್ಟಿಯಾಗುತ್ತದೆ. ಮನುಷ್ಯನ ರಕ್ತ ಹೀಗೆ ವರ್ತಿಸುತ್ತದೆ. ಬೇರುಗಂಟಿನ ರಸವೂ ಹೀಗೆಯೇ ವರ್ತಿಸುತ್ತದೆ! ಫಿನ್ಲೆಂಡಿನ ಆರ್ತುರಿ ವಿರ್ಟನೆನ್ ಅದಕ್ಕೆ ಲೆಗ್‌ಹಿಮೋಗ್ಲೋಬಿನ್ ಎಂದು ಹೆಸರಿಟ್ಟರು. ದ್ವಿದಳ ಧಾನ್ಯದ ಹಿಮೋಗ್ಲೋಬಿನ್ ಎಂದರ್ಥ.

ಅದು ಅಲ್ಲಿ ಮಾಡುವ ಕೆಲಸ ಇನ್ನೊಂದು ಅಚ್ಚರಿ. ಬೇರುಗಂಟು ಗಿಡವೊಂದರದೇ ಮನೆಯಲ್ಲ. ಒಳಗೆ ರೈಜೋಬಿಯಂ ಬಳಗದ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿವೆ. ಬಿತ್ತುವ ಮುನ್ನ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸುವ ಕಪ್ಪು ಪುಡಿಯ ಪೊಟ್ಟಣದಲ್ಲಿರುವುದು ಇವೇ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯ ಮಾಡಿ ಗಿಡಕ್ಕೆ ಕೊಡುವುದು ಇವುಗಳ ಕಸುಬು. ಯೂರಿಯ ಕಾರ್ಖಾನೆ ನೂರಾರು ಡಿಗ್ರಿ ಶಾಖ, ನೂರಾರು ಪಟ್ಟು ಒತ್ತಡ ಹಾಕಿ ಮಾಡುವ ಕೆಲಸವನ್ನು ಇವು ತಣ್ಣನೆಯ ಮಣ್ಣಿನಲ್ಲಿ ಸದ್ದಿಲ್ಲದೆ ಮುಗಿಸುತ್ತವೆ. ಅದಕ್ಕಾಗಿ ಅವು ಬಳಸುವ ಕಿಣ್ವ ನೈಟ್ರೋಜಿನೇಸ್.

ತೊಡಕಿರುವುದು ಇಲ್ಲಿಯೇ. ನೈಟ್ರೋಜಿನೇಸ್‌ಗೆ ಆಮ್ಲಜನಕವೆಂದರೆ ವಿಷ. ಸೋಕಿದರೆ ಕಿಣ್ವ ಕೆಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಆದರೆ ಸಾರಜನಕದ ಒಂದು ಅಣುವನ್ನು ಮುರಿಯಲು ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಕನಿಷ್ಠ 16 ಅಣುಗಳಷ್ಟು ಶಕ್ತಿ ಬೇಕು. ಅಷ್ಟು ಶಕ್ತಿ ಬೇಕೆಂದರೆ ಬ್ಯಾಕ್ಟೀರಿಯ ಉಸಿರಾಡಲೇಬೇಕು, ಉಸಿರಾಡಲು ಆಮ್ಲಜನಕ ಬೇಕು. ಬೇಕು, ಆದರೆ ಇರಕೂಡದು! ಈ ಬಿಕ್ಕಟ್ಟನ್ನು ಬಿಡಿಸುವುದೇ ಹಿಮೋಗ್ಲೋಬಿನ್. ಗಂಟಿನೊಳಗೆ ಬಂದ ಆಮ್ಲಜನಕದ ಪ್ರತಿ ಅಣುವನ್ನೂ ಅದು ಥಟ್ಟನೆ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಬಿಡಿಯಾಗಿ ಅಲೆಯಲು ಬಿಡದೆ ಬ್ಯಾಕ್ಟೀರಿಯದ ಬಾಗಿಲಿಗೇ ಒಯ್ದು ಕೊಡುತ್ತದೆ. ಹಾಗಾಗಿ ಗಂಟಿನೊಳಗೆ ಬಿಡಿಯಾಗಿ ಸಿಗುವ ಆಮ್ಲಜನಕ, ಗಾಳಿಗೆ ತೆರೆದ ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಆದರೂ ಬ್ಯಾಕ್ಟೀರಿಯಕ್ಕೆ ಉಸಿರಿನ ಕೊರತೆಯಿಲ್ಲ. ನಮ್ಮ ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್‌ಗಿಂತಲೂ ಇದರ ಹಿಡಿತ ಹಲವು ಪಟ್ಟು ಬಿಗಿ.

2005ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಲೋಟಸ್ ಜಪಾನಿಕಸ್ ಎಂಬ ಪುಟ್ಟ ದ್ವಿದಳ ಗಿಡದಲ್ಲಿ ಲೆಗ್‌ಹಿಮೋಗ್ಲೋಬಿನ್ ಜೀನಿನ ಬಾಯಿ ಕಟ್ಟಿ ನೋಡಿದರು. ಗಂಟುಗಳು ಮೂಡಿದವು, ಬ್ಯಾಕ್ಟೀರಿಯಗಳೂ ಸೇರಿಕೊಂಡವು, ಆದರೆ ಒಳಗೆ ಕೆಂಪಿಲ್ಲ. ಸಾರಜನಕದ ಗೊಬ್ಬರ ಕೊಟ್ಟಾಗ ಗಿಡ ಚೆನ್ನಾಗಿಯೇ ಬೆಳೆಯಿತು. ಗೊಬ್ಬರ ನಿಲ್ಲಿಸಿದರೆ ಎಲೆ ಬಿಳಿಚಿಕೊಂಡು ಕುಗ್ಗಿತು. ಗಂಟಿನೊಳಗೆ ಬಿಡಿ ಆಮ್ಲಜನಕ ಏರಿತ್ತು, ಸಾರಜನಕ ಹಿಡಿಯುವ ಕೆಲಸ ನಿಂತೇಹೋಗಿತ್ತು. ಗಂಟು ಸೀಳಿ ಬಣ್ಣ ನೋಡುವುದು ಕೃಷಿ ಅಧಿಕಾರಿಗಳಿಗೆ ಹಳೆಯ ಅಭ್ಯಾಸ. ಕೆಂಪಿದ್ದರೆ ಗಂಟು ದುಡಿಯುತ್ತಿದೆ, ಬೆಳ್ಳಗಿದ್ದರೆ ದುಡಿಯುತ್ತಿಲ್ಲ, ಹಸಿರಿಗೆ ತಿರುಗಿದ್ದರೆ ಅದರ ಕಾಲ ಮುಗಿಯಿತು ಎಂದು ಅವರು ಹೇಳುತ್ತಾರಲ್ಲ, ಆ ಮಾತಿನ ಹಿಂದಿರುವುದು ಇದೇ ಪ್ರೊಟೀನ್.

ಸರಿ, ಕೆಲಸ ತಿಳಿಯಿತು. ನಂಟಿನ ಮಾತೇನು? ಹೀಮ್ ಎಂಬ ಉಂಗುರ ಜೀವಲೋಕದಲ್ಲಿ ಎಲ್ಲೆಲ್ಲೂ ಇದೆ. ಗಿಡ ತನ್ನ ಪಾಡಿಗೆ ತಾನು ಒಂದು ಪ್ರೊಟೀನು ಕಟ್ಟಿಕೊಂಡು ಆ ಉಂಗುರ ತೊಡಿಸಿರಬಹುದು. ಬಣ್ಣ ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಆಗಿಬಿಡುವುದಿಲ್ಲ. ಇಂಥ ಅನುಮಾನಕ್ಕೆ ಉತ್ತರ ಸಿಗಬೇಕಾದರೆ ಪ್ರೊಟೀನಿನ ಆಕಾರವನ್ನು ಪರಮಾಣು ಪರಮಾಣುವಾಗಿ ನೋಡಬೇಕು. ಕುಬೊ, ಕೀಲಿನ್ ಅವರ ಕಾಲಕ್ಕೆ ಅದು ಹುಚ್ಚು ಸಾಹಸ.

ಮ್ಯಾಕ್ಸ್ ಪೆರುಟ್ಸ್ ಎಂಬ ಆಸ್ಟ್ರಿಯದ ಯುವಕ ಕೇಂಬ್ರಿಜ್‌ನಲ್ಲಿ ಕುದುರೆಯ ಹಿಮೋಗ್ಲೋಬಿನ್ ಹರಳಿಗೆ ಎಕ್ಸ್‌ರೇ ಹಾಯಿಸತೊಡಗಿದ್ದು 1930ರ ದಶಕದ ಕೊನೆಯಲ್ಲಿ. ಉತ್ತರ ಸಿಕ್ಕಿದ್ದು 1959ರಲ್ಲಿ. ಎರಡು ದಶಕ ಒಂದೇ ಪ್ರೊಟೀನು! ಅವರ ಸಹೋದ್ಯೋಗಿ ಜಾನ್ ಕೆಂಡ್ರೂ ಆರಿಸಿಕೊಂಡದ್ದು ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್. ಆಳಕ್ಕೆ ಮುಳುಗಿ ಬಹಳ ಹೊತ್ತು ಉಸಿರು ಹಿಡಿಯುವ ಸ್ಪರ್ಮ್ ತಿಮಿಂಗಿಲದ ಮಾಂಸ ಈ ಪ್ರೊಟೀನಿನಿಂದಾಗಿ ಕಪ್ಪೆನ್ನುವಷ್ಟು ಕೆಂಪು. 1960ರಲ್ಲಿ ಇಬ್ಬರ ಲೇಖನಗಳೂ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಕುದುರೆಯ ರಕ್ತದ ಪ್ರೊಟೀನೂ ತಿಮಿಂಗಿಲದ ಸ್ನಾಯುವಿನ ಪ್ರೊಟೀನೂ ಒಂದೇ ಬಗೆಯಲ್ಲಿ ಮಡಿಚಿಕೊಂಡಿದ್ದವು. 1962ರಲ್ಲಿ ಇಬ್ಬರಿಗೂ ನೊಬೆಲ್ ಬಂತು. (ಪ್ರೊಟೀನಿನ ಸರಪಳಿ ಯಾವ ಯಾವ ಕೋನದಲ್ಲಿ ತಿರುಗಬಲ್ಲದು ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಕೊಟ್ಟವರು ಜಿ.ಎನ್. ರಾಮಚಂದ್ರನ್. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗ ಕಟ್ಟಿದವರೂ ಅವರೇ. ಇಂದಿಗೂ ಹೊಸ ಪ್ರೊಟೀನಿನ ಆಕಾರ ಸಿಕ್ಕರೆ ಅದು ಸರಿಯೇ ಎಂದು ಮೊದಲು ಒರೆಹಚ್ಚುವುದು ರಾಮಚಂದ್ರನ್ ನಕ್ಷೆಗೆ.)

ಕುದುರೆ, ತಿಮಿಂಗಿಲ ಎರಡೂ ಸಸ್ತನಿಗಳು, ಹೋಲಿಕೆ ಇದ್ದೀತು ಬಿಡಿ. ಆದರೆ 1975ರಲ್ಲಿ ಮಾಸ್ಕೋದ ಬೋರಿಸ್ ವೈನ್‌ಸ್ಟೈನ್ ತಂಡ ಲೂಪಿನ್ ಎಂಬ ದ್ವಿದಳ ಗಿಡದ ಬೇರುಗಂಟಿನಿಂದ ಲೆಗ್‌ಹಿಮೋಗ್ಲೋಬಿನ್ ತೆಗೆದು, ಹರಳು ಕಟ್ಟಿಸಿ, ಎಕ್ಸ್‌ರೇ ಹಾಯಿಸಿತು. ಕಂಡದ್ದು ತಿಮಿಂಗಿಲದ ಮಯೋಗ್ಲೋಬಿನ್ನಿನ ಆಕಾರ! ಅದೇ ಸುರುಳಿಗಳು, ಅದೇ ತಿರುವುಗಳು, ಅದೇ ಪೊಟರೆ, ಪೊಟರೆಯೊಳಗೆ ಅದೇ ಓರೆಯಲ್ಲಿ ಕೂತ ಹೀಮ್. ಸಾಗರದ ಆಳದಲ್ಲಿ ಈಜುವ ಐವತ್ತು ಟನ್ನಿನ ಪ್ರಾಣಿಗೂ ಮೊಣಕಾಲೆತ್ತರದ ಗಿಡದ ಬೇರಿಗೂ ಒಂದೇ ಆಕಾರ.

ಇನ್ನೂ ಬೆರಗು ಹುಟ್ಟಿಸುವುದು ಬಿಡಿಭಾಗಗಳ ಲೆಕ್ಕ. ಪ್ರೊಟೀನು ಅಮೈನೊ ಆಮ್ಲಗಳ ಸರಪಳಿ. ಈ ಕುಲದ ಸರಪಳಿಯಲ್ಲಿ ಸುಮಾರು 150 ಕೊಂಡಿಗಳು. ಈ ಕುಲದ ಪ್ರೊಟೀನುಗಳನ್ನು ಒಟ್ಟಾಗಿ ಗ್ಲೋಬಿನ್ ಎನ್ನುತ್ತಾರೆ. 1980ರಲ್ಲಿ ಆರ್ಥರ್ ಲೆಸ್ಕ್ ಮತ್ತು ಸೈರಸ್ ಚೋತಿಯ ಬೇರೆಬೇರೆ ಜೀವಿಗಳ ಗ್ಲೋಬಿನ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದಾಗ, ಕೆಲವು ಜೋಡಿಗಳಲ್ಲಿ ಶೇಕಡ 16ರಷ್ಟು ಕೊಂಡಿಗಳು ಮಾತ್ರ ಹೊಂದುತ್ತಿದ್ದವು. ಆರರಲ್ಲಿ ಐದು ಬದಲಾಗಿವೆ, ಆದರೂ ಆಕಾರ ಹಾಗೇ ಉಳಿದಿದೆ. ಮಲೆನಾಡಿನ ಹಳೆಯ ತೊಟ್ಟಿಮನೆಯನ್ನು ನೆನಪಿಸಿಕೊಳ್ಳಿ. ಒಬ್ಬರ ಕಾಲದಲ್ಲಿ ಹುಲ್ಲು ಹೋಗಿ ಹೆಂಚು ಬಂತು, ಇನ್ನೊಬ್ಬರ ಕಾಲದಲ್ಲಿ ಮಣ್ಣಿನ ಗೋಡೆ ಹೋಗಿ ಕಲ್ಲು ಬಂತು, ಮತ್ತೊಬ್ಬರು ಕಂಬಗಳನ್ನೇ ಬದಲಿಸಿದರು. ತಲೆಮಾರುಗಳ ನಂತರ ಮೊದಲಿನ ಒಂದು ತೊಲೆಯೂ ಉಳಿದಿರಲಿಕ್ಕಿಲ್ಲ. ಆದರೂ ನಡುವಿನ ತೊಟ್ಟಿ, ಸುತ್ತಲ ಜಗಲಿ, ದೇವರ ಕೋಣೆ ಇದ್ದಲ್ಲೇ ಇರುತ್ತವೆ. ಗ್ಲೋಬಿನ್ನಿನ ದೇವರ ಕೋಣೆಯೆಂದರೆ ಹೀಮ್ ಕೂತ ಪೊಟರೆ. 1987ರಲ್ಲಿ 226 ಗ್ಲೋಬಿನ್‌ಗಳನ್ನು ಹೋಲಿಸಿದಾಗ ಎಲ್ಲದರಲ್ಲೂ ಬದಲಾಗದೆ ಉಳಿದ ಕೊಂಡಿಗಳು ಎರಡೇ ಎರಡು. ಎರಡೂ ಹೀಮಿನ ಪಕ್ಕದಲ್ಲಿವೆ. ಒಂದು, ಕಬ್ಬಿಣದ ಪರಮಾಣುವನ್ನು ನೇರವಾಗಿ ಹಿಡಿದುಕೊಂಡ ಹಿಸ್ಟಿಡಿನ್. ಇನ್ನೊಂದು, ಹೀಮ್ ಉಂಗುರ ಅಲುಗದಂತೆ ಒತ್ತಿ ನಿಂತ ಫಿನೈಲಲನಿನ್. ಈಗ ನಿಮ್ಮ ಕಿರುಬೆರಳಿನ ತುದಿಯಲ್ಲಿ ಹರಿಯುತ್ತಿರುವ ರಕ್ತದಲ್ಲೂ ಕಬ್ಬಿಣವನ್ನು ಹಿಡಿದಿರುವುದು ಅದೇ ಜಾಗದ ಅದೇ ಹಿಸ್ಟಿಡಿನ್.

ಆಕಾರ ಒಂದೇ ಇದ್ದರೂ ಪಟ್ಟುಬಿಡದ ಸಂಶಯಿ ಕೇಳಬಹುದು: ಆಮ್ಲಜನಕ ಹಿಡಿಯಲು ಇದೊಂದೇ ಆಕಾರ ಅನುಕೂಲವಾಗಿದ್ದರೆ ಎರಡು ಕಡೆ ಬೇರೆಬೇರೆಯಾಗಿಯೇ ಹುಟ್ಟಿರಬಾರದೇಕೆ? ಈ ಪ್ರಶ್ನೆಗೆ ಉತ್ತರ ಪ್ರೊಟೀನಿನಲ್ಲಿಲ್ಲ, ಅದನ್ನು ಬರೆದಿಟ್ಟ ಜೀನಿನಲ್ಲಿದೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ರೋಚಕವಾದ ತಿರುವಿಲ್ಲ.

1977ರಲ್ಲಿ ಒಂದು ವಿಚಿತ್ರ ಸಂಗತಿ ಬಯಲಾಗಿತ್ತು. ನಮ್ಮಂಥ ಜೀವಿಗಳ ಜೀನ್ ಒಂದೇ ಉದ್ದನೆಯ ಬರಹವಲ್ಲ. ನಡುನಡುವೆ ಪ್ರೊಟೀನಿಗೆ ಸಂಬಂಧವೇ ಇಲ್ಲದ ತುಂಡುಗಳು ಸೇರಿಕೊಂಡಿರುತ್ತವೆ. ಇವೇ ಇಂಟ್ರಾನ್‌ಗಳು. ಜೀವಕೋಶ ಇವನ್ನು ಕತ್ತರಿಸಿ ಬಿಸುಟು ಉಳಿದದ್ದನ್ನು ಹೊಲಿದು ಬಳಸುತ್ತದೆ. ಬೆನ್ನೆಲುಬಿನ ಪ್ರಾಣಿಗಳ ಹಿಮೋಗ್ಲೋಬಿನ್ ಜೀನಿನಲ್ಲಿ ಇಂಥ ಇಂಟ್ರಾನ್‌ಗಳು ಎರಡು. ಆ ಪ್ರಾಣಿಗಳೆಲ್ಲದರಲ್ಲೂ ಅದೇ ಎರಡು ಜಾಗದಲ್ಲಿ. ಇಂಟ್ರಾನ್ ಎಲ್ಲಿದೆ ಎಂಬುದರಿಂದ ಆಮ್ಲಜನಕ ಹಿಡಿಯುವ ಕೆಲಸಕ್ಕೆ ಆಗುವುದೂ ಇಲ್ಲ, ಹೋಗುವುದೂ ಇಲ್ಲ. ಕತ್ತರಿಸಿ ಎಸೆಯುವ ತುಂಡು ಅದು. ಆದ್ದರಿಂದ ಎರಡು ಜೀವಿಗಳಲ್ಲಿ ಅದು ಒಂದೇ ಜಾಗದಲ್ಲಿದ್ದರೆ ಅನುಕೂಲದ ನೆಪ ಹೇಳುವಂತಿಲ್ಲ. ಒಂದೇ ಮೂಲದಿಂದ ನಕಲಾಗಿ ಬಂದದ್ದೆಂದೇ ಹೇಳಬೇಕು.

1981ರಲ್ಲಿ ಜಪಾನಿನ ಮಿಚಿಕೊ ಗೋ ಎಂಬ ವಿಜ್ಞಾನಿ ಹಿಮೋಗ್ಲೋಬಿನ್ನಿನ ಆಕಾರವನ್ನಷ್ಟೇ ನೋಡಿ ಒಂದು ಧೈರ್ಯದ ಮಾತು ಹೇಳಿದರು. ಈ ಪ್ರೊಟೀನು ಆಕಾರದಲ್ಲಿ ನಾಲ್ಕು ತುಂಡಾಗಿದೆ, ಜೀನು ಮಾತ್ರ ಮೂರು ತುಂಡಾಗಿದೆ. ಹಾಗಾದರೆ ಪ್ರಾಚೀನ ಗ್ಲೋಬಿನ್ ಜೀನಿನಲ್ಲಿ ನಡುವೆ ಇನ್ನೊಂದು ಇಂಟ್ರಾನ್ ಇದ್ದಿರಬೇಕು, ನಮ್ಮ ಸಾಲಿನಲ್ಲಿ ಅದು ಎಲ್ಲೋ ಕಳೆದುಹೋಗಿರಬೇಕು ಎಂದರು. ಅದೇ ವರ್ಷ ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿ ಸೋಯಾ ಅವರೆಯ ಲೆಗ್‌ಹಿಮೋಗ್ಲೋಬಿನ್ ಜೀನನ್ನು ಅಕ್ಷರ ಅಕ್ಷರವಾಗಿ ಓದಿ ಮುಗಿಸಿದರು. ಮೂರು ಇಂಟ್ರಾನ್‌ಗಳು! ಮೊದಲನೆಯದು ಮತ್ತು ಮೂರನೆಯದು ನಮ್ಮ ಗ್ಲೋಬಿನ್ ಜೀನಿನ ಎರಡು ಇಂಟ್ರಾನ್‌ಗಳಿರುವ ಜಾಗದಲ್ಲೇ ಇದ್ದವು. ನಡುವಿನದು ಗೋ ಬೆರಳಿಟ್ಟು ತೋರಿಸಿದ ಸೀಮೆಯಲ್ಲಿತ್ತು. ಆ ನಡುವಿನ ಇಂಟ್ರಾನ್ ನಿಜವಾಗಿಯೂ ಮೂಲಜೀನಿನದೋ, ಗಿಡಗಳ ಸಾಲಿನಲ್ಲಿ ಆಮೇಲೆ ಸೇರಿಕೊಂಡದ್ದೋ ಎಂದು ಮುಂದೆ ಬಹಳ ಚರ್ಚೆ ನಡೆದಿದೆ. ಆದರೆ ಆಚೀಚೆಯ ಎರಡು ಗುರುತುಗಳ ಸಾಕ್ಷ್ಯವೇ ಸಾಕು. ಸೋಯಾ ಗಿಡದ ಜೀನೂ ಮನುಷ್ಯನ ಜೀನೂ ಒಂದೇ ಹಸ್ತಪ್ರತಿಯ ಎರಡು ನಕಲುಗಳು.

ಇಷ್ಟು ಹೊತ್ತಿಗೆ ಒಂದು ಚತುರ ವಾದ ಹುಟ್ಟಿಕೊಂಡಿತ್ತು. ನಂಟು ನಿಜ, ಆದರೆ ವಂಶದ ನಂಟಲ್ಲ. ದ್ವಿದಳ ಗಿಡಗಳಲ್ಲಿ ಮಾತ್ರ ಹಿಮೋಗ್ಲೋಬಿನ್ ಇದೆ. ಹಾಗಾದರೆ ಯಾವುದೋ ಕೀಟವೋ ವೈರಸ್ಸೋ ಪ್ರಾಣಿಯ ಜೀನೊಂದನ್ನು ಹೊತ್ತು ತಂದು ಅವುಗಳ ಪೂರ್ವಜ ಗಿಡಕ್ಕೆ ಅಂಟಿಸಿರಬೇಕು! ಕೇಳಲು ಚೆನ್ನಾಗಿದೆ. ನಿಲ್ಲಲಿಲ್ಲ. 1983ರಲ್ಲಿ ಪ್ಯಾರಸ್ಪೋನಿಯ ಎಂಬ ಮರದ ಬೇರುಗಂಟಿನಲ್ಲಿ ಹಿಮೋಗ್ಲೋಬಿನ್ ಸಿಕ್ಕಿತು. ಅದು ದ್ವಿದಳ ಕುಟುಂಬದ್ದೇ ಅಲ್ಲ. ನಮ್ಮ ಕರಾವಳಿಯ ಮರಳಿನಲ್ಲಿ ನೆಟ್ಟು ಬೆಳೆಸುವ ಗಾಳಿಮರದ ಕುಲದಲ್ಲೂ ಸಿಕ್ಕಿತು. 1988ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಟ್ರೆಮಾ ಎಂಬ ಮರದಲ್ಲಿ ಅದೇ ಜೀನ್ ಕಂಡರು. ಈ ಕುಲದ ಮರ ನಮ್ಮ ಪಶ್ಚಿಮಘಟ್ಟದಲ್ಲೂ ಕಾಡು ಕಡಿದು ಬಯಲಾದ ಜಾಗದಲ್ಲಿ ಮೊದಲು ತಲೆಯೆತ್ತುತ್ತದೆ. ಟ್ರೆಮಾ ಬೇರಿನಲ್ಲಿ ಗಂಟೇ ಇಲ್ಲ! ಗಂಟಿಲ್ಲದ ಗಿಡಕ್ಕೆ ಈ ಜೀನೇಕೆ? ಆಮೇಲೆ ಒಂದರ ಹಿಂದೆ ಒಂದು. 1994ರಲ್ಲಿ ಬಾರ್ಲಿ, 1997ರಲ್ಲಿ ಭತ್ತ, ಅದೇ ವರ್ಷ ಸಾಸಿವೆಯ ನೆಂಟ ಅರಬಿಡಾಪ್ಸಿಸ್. ಹುಡುಕಿದಲ್ಲೆಲ್ಲ ಹಿಮೋಗ್ಲೋಬಿನ್. ನಿಮ್ಮ ಊಟದ ತಟ್ಟೆಯ ಅನ್ನ ಬೆಳೆದ ಗಿಡದಲ್ಲೂ.

ಯಾರೂ ಕದ್ದು ತಂದಿರಲಿಲ್ಲ. ಮೊದಲಿಂದಲೂ ಅದು ಗಿಡಗಳ ಸ್ವಂತ ಪಿತ್ರಾರ್ಜಿತ. ಭತ್ತ, ಬಾರ್ಲಿಗಳಲ್ಲಿ ಅದು ಕೆಂಪಾಗಿ ಕಾಣುವಷ್ಟು ಇರುವುದಿಲ್ಲ. ಬೇರು ನೀರಿನಲ್ಲಿ ಮುಳುಗಿ ಉಸಿರುಕಟ್ಟಿದಾಗ ಜೀನ್ ಎಚ್ಚರಗೊಳ್ಳುತ್ತದೆ. ಆಗ ಜೀವಕೋಶದಲ್ಲಿ ಹೆಚ್ಚುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹಿಡಿದು ಅಪಾಯ ಕಳೆಯುತ್ತದೆ. ಬೇರುಗಂಟು ಕಟ್ಟುವ ಗಿಡಗಳು ಮಾಡಿದ್ದಿಷ್ಟೇ. ಮನೆಯಲ್ಲಿದ್ದ ಹಳೆಯ ಜೀನಿನ ಒಂದು ನಕಲನ್ನು ಹೊಸ ಕೆಲಸಕ್ಕೆ ಹಚ್ಚಿದವು. ಪ್ಯಾರಸ್ಪೋನಿಯ ಒಂದು ನಕಲನ್ನು ಎತ್ತಿಕೊಂಡಿತು, ಕಡಲೆ ತೊಗರಿಗಳ ಕುಟುಂಬ ಇನ್ನೊಂದನ್ನು ಎತ್ತಿಕೊಂಡಿತು. ದಾಯಾದಿಗಳಿಬ್ಬರು ಬೇರೆಬೇರೆ ಊರಿನಲ್ಲಿ ಕೂತು ಒಂದೇ ಉಪಾಯ ಹೂಡಿದ್ದರು.

ಗಿಡಗಳ ಸಾಲೂ ಪ್ರಾಣಿಗಳ ಸಾಲೂ ಬೇರೆಯಾದದ್ದು ನೂರು ಕೋಟಿ ವರ್ಷಗಳಿಗೂ ಹಿಂದೆ. ಆಗ ಎಲೆಯಿರಲಿಲ್ಲ, ಬೇರಿರಲಿಲ್ಲ, ಹೃದಯವಿರಲಿಲ್ಲ, ಕಣ್ಣಿಗೆ ಕಾಣುವ ಜೀವವೇ ವಿರಳ. ಇಬ್ಬರ ಮೂಲಪುರುಷನೂ ನೀರಿನಲ್ಲಿ ತೇಲುವ ಒಂದೇ ಜೀವಕೋಶ. ಆ ಒಂದು ಕೋಶದಲ್ಲಿ ಗ್ಲೋಬಿನ್ ಜೀನ್ ಇತ್ತು! ಇನ್ನೂ ಕೆಳಗಿಳಿಯಿರಿ. 1986ರಲ್ಲಿ ವಿಟ್ರಿಯೋಸಿಲ ಎಂಬ ಬ್ಯಾಕ್ಟೀರಿಯದಲ್ಲಿ, ಸಗಣಿ, ಕೊಳೆತ ಎಲೆಗಳಂಥ ಗಾಳಿಯಾಡದ ಕಡೆ ಬದುಕುವ ಜೀವಿಯಲ್ಲಿ, ಹಿಮೋಗ್ಲೋಬಿನ್ ಸಿಕ್ಕಿತು. ಹಾಗೆಯೇ ನಮ್ಮ ಕರುಳಿನ ಇ. ಕೋಲಿಯಲ್ಲೂ, ರೊಟ್ಟಿ ಉಬ್ಬಿಸುವ ಯೀಸ್ಟಿನಲ್ಲೂ. ಇ. ಕೋಲಿಯಲ್ಲೂ ಅದರ ಕೆಲಸ ನೈಟ್ರಿಕ್ ಆಕ್ಸೈಡನ್ನು ನಿವಾರಿಸುವುದೇ. ಈ ಪ್ರೊಟೀನಿನ ಮೊದಲ ಕಸುಬು ಆಮ್ಲಜನಕ ಹೊರುವುದಲ್ಲ, ಇಂಥ ಅನಿಲಗಳಿಂದ ಜೀವಕೋಶವನ್ನು ಕಾಯುವುದೇ ಇರಬೇಕೆಂದು ಹಲವು ವಿಜ್ಞಾನಿಗಳು ನಂಬುತ್ತಾರೆ. ಭೂಮಿಯ ಗಾಳಿಗೆ ಆಮ್ಲಜನಕ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಕಾವಲಿಗೆ ನಿಂತ ಪ್ರೊಟೀನೇ ಮುಂದೆ ಉಸಿರನ್ನು ಹೊರುವ ಹಮಾಲಿಯಾಯಿತು.

ನಮ್ಮೊಳಗೂ ಆ ಜೀನ್ ಒಂದಾಗಿ ಉಳಿದಿಲ್ಲ. ನಕಲಾಗಿ, ನಕಲಿನ ನಕಲಾಗಿ, ಒಂದು ಕುಟುಂಬವೇ ಆಗಿದೆ. ಸ್ನಾಯುವಿಗೆ ಮಯೋಗ್ಲೋಬಿನ್, ನರಕೋಶಗಳಿಗೆ 2000ದಲ್ಲಿ ಪತ್ತೆಯಾದ ನ್ಯೂರೋಗ್ಲೋಬಿನ್, ರಕ್ತಕ್ಕೆ 16ನೇ ಮತ್ತು 11ನೇ ವರ್ಣತಂತುಗಳ ಮೇಲೆ ಸಾಲಾಗಿ ಕೂತ ಆಲ್ಫಾ, ಬೀಟಾ ಎಂಬ ಎರಡು ಗುಂಪು. ಹೊಟ್ಟೆಯಲ್ಲಿರುವ ಮಗು ಬಳಸುವುದು ಇದೇ ಸಾಲಿನ ಬೇರೆ ನಕಲನ್ನು. ಅದಕ್ಕೆ ಆಮ್ಲಜನಕದ ಮೇಲೆ ತಾಯಿಯ ಹಿಮೋಗ್ಲೋಬಿನ್ನಿಗಿಂತ ಬಿಗಿ ಹಿಡಿತ. ಆ ಬಿಗಿತದ ಬಲದಿಂದಲೇ ಮಗು ತಾಯಿಯ ರಕ್ತದಿಂದ ಉಸಿರನ್ನು ಎಳೆದುಕೊಳ್ಳುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಆ ಜೀನ್ ಹಿಂದೆ ಸರಿದು ದೊಡ್ಡವರ ಜೀನ್ ಮುಂದೆ ಬರುತ್ತದೆ. ಒಂದೊಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಆ ಒಂದೊಂದರಲ್ಲೂ ನಾಲ್ಕು ಸರಪಳಿ, ನಾಲ್ಕು ಹೀಮ್.

ಪಡೆದದ್ದನ್ನು ಕಳೆದುಕೊಂಡವರ ಕಥೆಯೂ ಅಷ್ಟೇ ಬೆರಗಿನದು. 1927ರಲ್ಲಿ ಅಂಟಾರ್ಕ್ಟಿಕದ ಕಡಲಿಗೆ ಹೋಗಿದ್ದ ನಾರ್ವೆಯ ಡಿಟ್ಲೆಫ್ ರುಸ್ತಾದ್ ಒಂದು ಪೇಲವ ಮೀನನ್ನು ಹಿಡಿದು ಕುಯ್ದರು. ರಕ್ತ ನೀರಿನಷ್ಟು ತಿಳಿಯಾಗಿತ್ತು! 1954ರಲ್ಲಿ ಯೋಹಾನ್ ರೂಡ್ ಅದನ್ನು ಪರೀಕ್ಷಿಸಿ, ಈ ಮಂಜುಮೀನಿನ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲವೆಂದು ಸಾರಿದರು. ಹೆಪ್ಪುಗಟ್ಟುವಂಥ ಆ ನೀರಿನಲ್ಲಿ ಆಮ್ಲಜನಕ ಧಾರಾಳವಾಗಿ ಕರಗಿರುತ್ತದೆ. ದೊಡ್ಡ ಹೃದಯ, ಅಗಲ ನಾಳಗಳ ಬಲದಿಂದ ಅದು ಹೇಗೋ ಬದುಕುತ್ತದೆ. 1990ರ ದಶಕದಲ್ಲಿ ಅದರ ಡಿಎನ್‌ಎ ಓದಿದಾಗ ಬೀಟಾ ಗ್ಲೋಬಿನ್ ಜೀನ್ ಪೂರ್ತಿ ಮಾಯವಾಗಿತ್ತು. ಆದರೆ ಆಲ್ಫಾ ಗ್ಲೋಬಿನ್ ಜೀನಿನ ಒಂದು ಮುರುಕು ಹಾಗೇ ಬಿದ್ದುಕೊಂಡಿತ್ತು, ಯಾವ ಕೆಲಸವನ್ನೂ ಮಾಡದೆ. ಕೆಂಪು ರಕ್ತದ ಪೂರ್ವಜರಿಂದ ಬಂದ ಜೀವಿಯಲ್ಲದಿದ್ದರೆ ಆ ಮುರುಕಿಗೆ ಅಲ್ಲೇನು ಕೆಲಸ?

ನಂಟಿನ ಸಾಕ್ಷಿ ಗ್ಲೋಬಿನ್ ಒಂದೇ ಅಲ್ಲ. 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಬಟಾಣಿ ಗಿಡದಿಂದಲೂ ಕರುವಿನಿಂದಲೂ ಹಿಸ್ಟೋನ್ ಎಚ್4 ಎಂಬ ಪ್ರೊಟೀನನ್ನು ತೆಗೆದು ಹೋಲಿಸಿದರು. ಡಿಎನ್‌ಎ ಎಳೆ ಸುತ್ತಿಕೊಳ್ಳುವ ಉಂಡೆಯ ಒಂದು ಭಾಗ ಅದು. 102 ಕೊಂಡಿಗಳಲ್ಲಿ ವ್ಯತ್ಯಾಸವಿದ್ದದ್ದು ಎರಡರಲ್ಲಿ! ಗ್ಲೋಬಿನ್ ಆರರಲ್ಲಿ ಐದು ಕೊಂಡಿ ಬದಲಿಸಿಕೊಂಡಷ್ಟು ಕಾಲದಲ್ಲಿ ಇದು ಎರಡೇ ಬದಲಿಸಿಕೊಂಡಿತು. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ತಂಡ ಇಲಿಯ ಕಣ್ಣು ಮೂಡಿಸುವ ಜೀನನ್ನು ಹಣ್ಣುನೊಣಕ್ಕೆ ಕೂಡಿಸಿ, ಮೈಮೇಲೆ ಕಣ್ಣಿರಬಾರದ ಜಾಗಗಳಲ್ಲಿ ಅದು ಕೆಲಸ ಮಾಡುವಂತೆ ಮಾಡಿತು. ಅಲ್ಲೆಲ್ಲ ಕಣ್ಣು ಮೂಡಿತು. ಇಲಿಯ ಕಣ್ಣಲ್ಲ, ನೊಣದ ಕಣ್ಣು! ನೊಣದ ದೇಹ ಇಲಿಯ ಜೀನಿನ ಮಾತನ್ನು ಅರ್ಥಮಾಡಿಕೊಂಡು ತನ್ನ ಕೆಲಸ ತಾನು ಮಾಡಿತ್ತು. 2015ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಯೀಸ್ಟಿನ ಜೀವಕ್ಕೆ ಅನಿವಾರ್ಯವಾದ 414 ಜೀನ್‌ಗಳನ್ನು ಒಂದೊಂದಾಗಿ ತೆಗೆದು, ಆ ಜಾಗಕ್ಕೆ ಮನುಷ್ಯನ ಜೀನ್ ಇಟ್ಟು ನೋಡಿದರು. ಶೇಕಡ 47ರಷ್ಟು ಸಲ ಯೀಸ್ಟ್ ಬದುಕಿಕೊಂಡಿತು. ಬ್ರೆಡ್ಡು ಉಬ್ಬಿಸುವ ಯೀಸ್ಟಿಗೆ ಮನುಷ್ಯನ ಜೀನ್ ಪರಕೀಯವೆನಿಸಲಿಲ್ಲ.

ಜೀವವಿಕಾಸದ ಇಷ್ಟೆಲ್ಲ ಸಾಕ್ಷ್ಯ ಮಕ್ಕಳಿಗೆ ತಲುಪುತ್ತಿದೆಯೇ? ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಎಂಬ ಅಧ್ಯಾಯವಿತ್ತು. ಹೊರೆ ಇಳಿಸುವ ಹೆಸರಿನಲ್ಲಿ ಜೀವವಿಕಾಸದ ಭಾಗವನ್ನು ತೆಗೆದರು. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಅದನ್ನು ಮರಳಿ ಸೇರಿಸಬೇಕೆಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯ ಜೀವವಿಜ್ಞಾನದಲ್ಲಿ ಆ ಪಾಠ ಇದೆ, ನಿಜ. ಆದರೆ ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಐಟಿಐ ಎಂದು ಹೋಗುವ ಮಕ್ಕಳು ಅಲ್ಲಿಗೆ ತಲುಪುವುದೇ ಇಲ್ಲ. ಪುಸ್ತಕದಲ್ಲಿ ಅದು ಮತ್ತೆ ಬರುವವರೆಗೆ ಕಾಯಬೇಡಿ. ನೀವು ಮೇಷ್ಟ್ರಾಗಿದ್ದರೆ, ತಂದೆ ತಾಯಿಯಾಗಿದ್ದರೆ, ಹತ್ತನೇ ತರಗತಿಯ ಮಗುವೊಂದು ನಿಮ್ಮ ಎದುರಿಗಿದ್ದರೆ, ಬಟಾಣಿ ಮತ್ತು ಕರುವಿನ ನಡುವೆ 102ರಲ್ಲಿ ಎರಡೇ ವ್ಯತ್ಯಾಸ ಎಂಬುದನ್ನು ಇವತ್ತೇ ಹೇಳಿ.